ಪ್ಲಗ್ ಕೀಳುವ ರಿಪೇರಿಯವರು
ಹಳೇ ಕಂಪ್ಯೂಟರ್ ರಿಪೇರಿ ಮಾಡುವ ಈ ಯಜಮಾನರ ಅಂಗಡಿಗೆ ಅವಸರದವರು ಹೋಗಬಾರದು. ಯಂತ್ರ ಹಟ ಹಿಡಿದು ನಿಂತಿತೆಂದು ಗಿರಾಕಿ ಮೂರು ಗುಂಡಿ ಒಟ್ಟಿಗೆ ಒತ್ತಿ, ಮತ್ತೆ ಶುರುಮಾಡಿ ನೋಡಿಯೇ ಬಂದಿರುತ್ತಾನೆ. ಇವರು ಕನ್ನಡಕದ ಮೇಲಿನಿಂದ ಅವನನ್ನು ನೋಡಿ, "ಅದು ಬೆಚ್ಚಗಿನ ರೀಸ್ಟಾರ್ಟು ಸ್ವಾಮಿ. ಕರೆಂಟು ಹೋಗಲ್ಲ, ಮೆಮೊರಿಲಿ ಹಳೇ ಗಲೀಜು ಹಾಗೇ ಕೂತಿರತ್ತೆ. ಮುಖ ತೊಳೆದ್ರೆ ಸ್ನಾನ ಆಯ್ತಾ?" ಎಂದು ಪ್ಲಗ್ ಕಿತ್ತು ಕೈಕಟ್ಟಿ ಕೂರುತ್ತಾರೆ. ಯಂತ್ರ ಎಲ್ಲ ಮರೆತು ಹಸುಗೂಸಿನಂತೆ ಏಳಬೇಕು. ಅಷ್ಟರಲ್ಲಿ ಗಿರಾಕಿಯೂ ತಣ್ಣಗಾಗಬೇಕು. ಹೆಂಡತಿ ಸಿಟ್ಟಾದರೂ ಇದೇ ಮದ್ದು: ಚಪ್ಪಲಿ ಮೆಟ್ಟಿ ಒಂದು ಸುತ್ತು ಹೋಗಿ ಬಂದು, ಹೊಸ ಅಳಿಯನಂತೆ ಬಾಗಿಲು ತಟ್ಟುತ್ತಾರೆ. ಅಂಗಡಿಯ ಮೂಲೆಯ ಕುರ್ಚಿಯಲ್ಲಿ ಕೂರುವ ತಾಯಿಯ ವಿಷಯದಲ್ಲಿ ಮಾತ್ರ ಈ ಶಾಸ್ತ್ರವೆಲ್ಲ ತಲೆಕೆಳಗು. ಮರೆವು ಹಿಡಿದ ಆ ತಾಯಿ ಮಾತಿನ ನಡುವೆ ನಿಂತುಬಿಟ್ಟರೆ, ಮೊದಲಿನಿಂದ ಹೇಳು ಎನ್ನದೆ, ಕೊನೆಯ ಪದವನ್ನು ಮೆಲ್ಲಗೆ ಎತ್ತಿಕೊಡುತ್ತಾರೆ. ಮಾತು ಮುಂದೆ ಸಾಗುತ್ತದೆ. ಅಮ್ಮ ತೂಕಡಿಸಿದರೆ ಇವರು ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಾರೆ. ಗಾಢ ನಿದ್ದೆಯಿಂದ ಎದ್ದಾಗಲೆಲ್ಲ ಆ ತಲೆಯೊಳಗೆ ಮಗ ಸ್ವಲ್ಪ ಸ್ವಲ್ಪವೇ ಅಳಿಸಿಹೋಗುತ್ತಿದ್ದಾನೆ. ಅದಕ್ಕೇ "ಅಮ್ಮಾ, ಈ ಸ್ಕ್ರೂ ಹಿಡ್ಕೋ" ಎನ್ನುತ್ತ ಹಗಲೆಲ್ಲ ಎಚ್ಚರವಾಗಿಡುತ್ತಾರೆ. ಮೊನ್ನೆ ಗಿರಾಕಿಗಳ ಗಲಾಟೆಯಲ್ಲಿ ಕಣ್ತಪ್ಪಿತು, ಅಮ್ಮ ನಿದ್ದೆಹೋದರು. ಎದ್ದವರೇ, "ಯಾರಪ್ಪಾ ನೀನು?" ಎಂದರು. ಇವರು ಕೈಜಾರಿ ಬಿದ್ದ ಸ್ಕ್ರೂ ಹೆಕ್ಕುತ್ತ, "ರಿಪೇರಿಯವನಮ್ಮಾ" ಎಂದರು. "ಅಯ್ಯೋ, ಸ್ಕ್ರೂ ಹಿಡಿಯೋಕೂ ಬರಲ್ವಲ್ಲೋ! ನನ್ನ ಮಗನ ಹತ್ರ ಹೋಗು, ಬೈಯದೆ ಹೇಳಿಕೊಡ್ತಾನೆ" ಎಂದು ಆ ತಾಯಿ ಇವರ ಬೆನ್ನು ಸವರಿದರು.