ಗೌರೀಶನ ಸ್ಟೇರಿಂಗು, ನಂಜುಂಡೇಶಣ್ಣನ ಹೊಟ್ಟೆಕಿಚ್ಚು

ರಾವಂದೂರಿನ ನಂಜುಂಡೇಶಣ್ಣನ ಬಗ್ಗೆ ಬರೆಯಬೇಕು ಅಂತ ಬಹಳ ದಿನದ ಆಸೆ. ನಮ್ಮ ಕಡೆ ಪಿಕಪ್ ಗಾಡಿ ಓಡಿಸುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಗಾಡಿ ತೊಳೆದು, ಅದರ ಹಣೆಗೆ ವಿಭೂತಿ ಬಳಿದು, ಆಮೇಲೆಯೇ ತಾನು ಕಾಫಿ ಕುಡಿಯುವ ಡ್ರೈವರ್ ಇವನೊಬ್ಬನೇ. ಅಂಥವನಿಗೆ ಇರುವುದು ಒಂದೇ ಕಾಯಿಲೆ, ಭೇರ್ಯದ ಗೌರೀಶ್.

ಗೌರೀಶನದೂ ಅದೇ ಬಣ್ಣದ, ಅದೇ ಕಂಪನಿಯ ಪಿಕಪ್. ಮೇ ತಿಂಗಳು ಬಂತೆಂದರೆ ಪುಟ್ಟಮಲ್ಲಪ್ಪನವರ ನರ್ಸರಿಯಿಂದ ಹೊಗೆಸೊಪ್ಪಿನ ಸಸಿ ಟ್ರೇಗಳು ಹುಣಸೂರು, ಎಚ್.ಡಿ. ಕೋಟೆ ಕಡೆಯ ಹೊಲಗಳಿಗೆ ಹೋಗುತ್ತವೆ. ಎಳೇ ಸಸಿ, ಗಾಡಿ ಓಲಾಡಿದರೆ ಟ್ರೇ ಜರುಗಿ ಕತ್ತು ಮುರಿದುಕೊಳ್ಳುತ್ತದೆ. ಮೊದಲಿಂದಲೂ ಆ ಬಾಡಿಗೆ ನಂಜುಂಡೇಶಣ್ಣನದೇ. ಈ ಸಲ ಸಸಿ ಜಾಸ್ತಿಯಾಗಿ ಗೌರೀಶನನ್ನೂ ಕರೆಸಿದ್ದರು.

ಒಂದು ಬೆಳಿಗ್ಗೆ ನಂಜುಂಡೇಶಣ್ಣನ ಗಾಡಿಗೆ ಟ್ರೇ ತುಂಬಿಸುತ್ತಾ ಪುಟ್ಟಮಲ್ಲಪ್ಪನವರು ಅಂದರು, "ಗೌರೀಶನ್ ಗಾಡೀಲಿ ಒಂದ್ ಸಸೀನೂ ಬಗ್ಗಿಲ್ಲ ಕಣ್ಲಾ. ಮುಂದ್ಲ ವರ್ಸ ಒಬ್ರಿಗೇ ಕೊಟ್ಬುಡಾನ ಅಂತಿವ್ನಿ."

ಯಾರಿಗೆ ಅಂತ ಹೇಳಲಿಲ್ಲ. ಹೇಳುವುದೇನಿತ್ತು.

ಅವತ್ತಿಂದ ನಂಜುಂಡೇಶಣ್ಣನ ಕಣ್ಣೆಲ್ಲ ಗೌರೀಶನ ಕೈ ಮೇಲೆ. ಕಾಲುವೆ ಏರಿಯ ಮೇಲೆ ಎದುರು ಬಂದಾಗ ನೋಡಿದ. ಗೌರೀಶ್ ಒಂದು ಕೈಯಲ್ಲಿ ಕಡಲೆಕಾಯಿ ಬಾಯಿಗೆಸೆದುಕೊಳ್ಳುತ್ತಾ, ಇನ್ನೊಂದು ಕೈಯ ಎರಡೇ ಬೆರಳನ್ನು ಸ್ಟೇರಿಂಗ್ ಮೇಲೆ ಇಟ್ಟಿದ್ದ. ಗಾಡಿ ಮಾತ್ರ ದಾರ ಹಿಡಿದ ಹಾಗೆ ನೇರ.

ರಾತ್ರಿ ಊಟಕ್ಕೆ ಕೂತಾಗಲೂ ಅದೇ ಮಾತು. "ಎರಡೇ ಬೆಳ್ಳು ಕಣೆ. ಎಷ್ಟ್ ಹಗುರ ಇರ್ಬೇಕು ಅದು."

ಹೆಂಡತಿ ಉಷಾರಾಣಿ ಸಾರು ಬಡಿಸುತ್ತಾ, "ಅಷ್ಟ್ ಆಸೆ ಇದ್ರೆ ಅವನ್ನೇ ಮದ್ವೆ ಆಗ್ಬುಡಿ. ನನ್ ಬೆಳ್ಳು ಯಾವತ್ತಾದ್ರೂ ಇಂಗ್ ನೋಡಿದ್ರಾ?" ಅಂದಳು.

ಮಾರನೇ ದಿನವೇ ಹುಣಸೂರಿನ ಮೆಕ್ಯಾನಿಕ್ ಚಿಕ್ಕಮಾದು ಹತ್ತಿರ ಹೋದ. ಗೌರೀಶನ ಗಾಡಿಗೂ ಅವನೇ ಮೆಕ್ಯಾನಿಕ್.

"ಚಿಕ್ಕಮಾದಣ್ಣ, ಗೌರೀಶನ್ ಪವರ್ ಸ್ಟೇರಿಂಗ್‌ಗೆ ಏನೋ ಮಾಡ್ಕೊಟ್ಟಿದ್ದೀಯಂತೆ. ನಂದು ಅದ್ಕಿಂತ ಹಗುರ ಆಗ್ಬೇಕು."

"ಅವನ್ದು ಹಗುರ ಎಲ್ಲೈತಯ್ಯ? ಭಾರ ಮಾಡ್ಕೊಡು ಅಂತ ಇಲ್ಲೇ ಬಂದು ಕುಂತಿದ್ದ. ಪಂಪಿನ ವಾಲ್ವ್‌ಗೆ ತೆಳು ವಾಷರ್ ಹಾಕ್ದೆ. ಸ್ಪ್ರಿಂಗು ಸಡಿಲ ಆಯ್ತದೆ, ಸ್ಟೇರಿಂಗ್ ಹಗುರ ಮಾಡೋ ಎಣ್ಣೆ ಒತ್ತೋದು ಕಮ್ಮಿ ಆಯ್ತದೆ. ಆಗ ಚಕ್ರ ಏನ್ ಮಾಡ್ತೈತೆ ಅಂತ ಕೈಗೆ ತಿಳೀತದೆ."

ನಂಜುಂಡೇಶಣ್ಣ ನಕ್ಕ. "ಇಂಗೇ ಹೇಳು ಅಂತ ಅವ್ನೇ ಹೇಳ್ಕೊಟ್ಟವ್ನಾ?"

ಚಿಕ್ಕಮಾದು ಸ್ಪ್ಯಾನರ್ ಎತ್ತಿಕೊಂಡ. "ಗಾಡಿ ನಿಂದು. ಕಂಪನಿಯೋರು ಹಾಕಿರೋ ವಾಷರೂ ತೆಗ್ದುಬುಡ್ತೀನಿ, ಹೂವಿನಂಗ್ ಆಯ್ತದೆ. ಆಮೇಲೆ ನನ್ ಬೈಬ್ಯಾಡ."

ನಿಜವಾಗಿಯೂ ಹೂವಿನ ಹಾಗಾಯಿತು. ಊರೊಳಗೆ ಒಂದೇ ಬೆರಳಲ್ಲಿ ತಿರುಗಿಸುತ್ತಾ, ಬೇಕಂತಲೇ ಗೌರೀಶನ ಮುಂದೆ ಹಾದು ಹೋದ. ಆದರೆ ಮೈತುಂಬ ಲೋಡ್ ಇಟ್ಟುಕೊಂಡು ಕಾಲುವೆ ಏರಿ ಹತ್ತಿದ ಮೇಲೆ, ಒಂದು ಗುಂಡಿ ತಪ್ಪಿಸಲು ಚೂರು ಎಳೆದರೆ ಗಾಡಿ ಮಾರುದೂರ ಹೋಯಿತು. ಈ ಕಡೆ ಎಳೆದ, ಅದಕ್ಕೂ ಜಾಸ್ತಿ ಬಂತು. ಚಕ್ರ ಎಲ್ಲಿದೆ ಅಂತ ಕೈಗೆ ಗೊತ್ತೇ ಆಗಲಿಲ್ಲ. ಬ್ರೇಕ್ ತುಳಿದು ನಿಂತಾಗ ಹಿಂದೆ ಅರ್ಧ ಟ್ರೇಗಳು ಒಂದರ ಮೇಲೊಂದು ಬಿದ್ದಿದ್ದವು.

ಹಿಂದೆ ಬಂದ ಗಾಡಿ ಯಾರದು ಅಂತ ಬೇರೆ ಹೇಳಬೇಕೆ? ಗೌರೀಶ್ ಇಳಿದು ಬಂದು ಬಿದ್ದ ಟ್ರೇ ಎತ್ತಿಟ್ಟ. ಆಮೇಲೆ ಇವನ ಸ್ಟೇರಿಂಗ್ ಅಲ್ಲಾಡಿಸಿ ನೋಡಿ, "ಇದ್ಯಾಕಣ್ಣ ನೀರಲ್ಲಿ ಕೈ ಆಡ್ಸಿದಂಗೈತೆ? ನನ್ ಗಾಡಿ ತಗೊಂಡೋಗಿ. ನಾನು ಇದ್ರಲ್ಲಿ ನಿಧಾನಕ್ಕೆ ಬತ್ತೀನಿ" ಅಂದ.

ಬೈದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ನಂಜುಂಡೇಶಣ್ಣ ಗೌರೀಶನ ಸ್ಟೇರಿಂಗ್ ಹಿಡಿದ. ಭಾರವಾಗೇ ಇತ್ತು. ಕಲ್ಲು, ಇಳಿಜಾರು, ಹಸಿ ಮಣ್ಣು ಎಲ್ಲವೂ ಅಂಗೈಗೆ ತಿಳಿಯುತ್ತಿತ್ತು. ನೇರ ರಸ್ತೆಯಲ್ಲಿ ಅದು ತಾನಾಗೇ ಅಲುಗದೆ ನಿಂತಿತು, ಎರಡು ಬೆರಳೇ ಸಾಕಾಯಿತು. ಇಂಥ ಸುಖ ಆ ಗೌರೀಶ್ ಒಬ್ಬನೇ ಇಷ್ಟು ದಿನ ಅನುಭವಿಸುತ್ತಿದ್ದನಲ್ಲ ಅಂತ ನಂಜುಂಡೇಶಣ್ಣನ ಹೊಟ್ಟೆ ಇನ್ನೊಂದು ಸಲ ಉರಿಯಿತು.

ಸಂಜೆ ಮತ್ತೆ ಹುಣಸೂರು. "ಚಿಕ್ಕಮಾದಣ್ಣ, ಅವನ್ದಕ್ಕಿಂತ ಒಂದ್ ವಾಷರ್ ಜಾಸ್ತಿ ಹಾಕು."

"ಆಮೇಲೆ ತಿರುಗ್ಸಕೆ ಉಷಾರಾಣೀನೂ ಕೂರುಸ್ಕೊಂಡೋಗ್ಬೇಕಾಯ್ತದೆ. ಸುಮ್ಕಿರು," ಅಂತ ಅವನು ಗೌರೀಶನದಕ್ಕೆ ಹಾಕಿದಷ್ಟೇ ಹಾಕಿ ಕಳಿಸಿದ.

ಮುಂದಿನ ಲೋಡಿನಲ್ಲಿ ಒಂದು ಸಸಿಯೂ ಬಗ್ಗಲಿಲ್ಲ. ಪುಟ್ಟಮಲ್ಲಪ್ಪನವರು ಟ್ರೇಗಳನ್ನು ಬಗ್ಗಿ ಬಗ್ಗಿ ನೋಡಿ ತಲೆ ಆಡಿಸಿದರು. "ಪರ್ವಾಗಿಲ್ಲ ಕಣ್ಲಾ. ಈಗ ಗೌರೀಶನ್ ತರಾನೇ ಓಡಿಸ್ತಿದ್ದೀಯ. ಮುಂದ್ಲ ವರ್ಸಾನೂ ಇಬ್ರೂ ಬನ್ನಿ."

ಮನೆಗೆ ಬಂದವನೇ ಹೆಂಡತಿಗೆ ಹೇಳಿದ, "ಮುಂದ್ಲ ವರ್ಸಾನೂ ಬಾಡಿಗೆ ನಂದೇ."

"ಗೌರೀಶಂಗೆ?"

"ಮುದ್ದೆ ಇಕ್ಕು ಮೊದ್ಲು. ಉಣ್ಣೋ ಹೊತ್ನಲ್ಲಿ ಅವನ್ ಹೆಸ್ರು ಯಾಕೆ."