ಮಂಡಲದ ನಡುವಿನ ಅಕ್ಕಿಕಾಳು

ಮೂಡುಬಿದಿರೆಯ ಕಮಲಾವತಿಗೆ ಸಿಟ್ಟು ಬರುವುದು ಅಪರೂಪ. ಬಂದರೆ ಅವಳು ಜಗಳಕ್ಕೆ ನಿಲ್ಲುತ್ತಿರಲಿಲ್ಲ, ಎದ್ದು ನಡೆಯುತ್ತಿದ್ದಳು. ೧೯೫೮ರ ಕಾರ್ತಿಕದಲ್ಲಿ ಅವಳು ನೂರ ಮೂವತ್ತು ಹೆಜ್ಜೆ ನಡೆದದ್ದು ಅಂಥದೇ ಸಿಟ್ಟಿನಲ್ಲಿ.

ಬಂಟ್ವಾಳಕ್ಕೆ ಮದುವೆಯಾಗಿ ಹೋದವಳು ಹತ್ತೊಂಬತ್ತಕ್ಕೇ ಗಂಡನನ್ನು ಕಳೆದುಕೊಂಡು ತಾಯಿಮನೆಗೆ ಮರಳಿದ್ದಳು. ವಿಧವೆ ಶುಭಕಾರ್ಯಕ್ಕೆ ಎದುರು ಬರಬಾರದು ಎನ್ನುವ ಕಾಲ. ಆದರೆ ಅವಳ ಸೋದರಮಾವನ ಚಿಂತೆಯೇ ಬೇರೆ. ವರ್ಷಕ್ಕೆ ಮೂರು ಸಲ, ಎಂಟೆಂಟು ದಿನದ ನಂದೀಶ್ವರ ಪೂಜೆಗೆ ಬಸದಿಯ ನೆಲದ ಮೇಲೆ ಬಣ್ಣದ ಹುಡಿಯಲ್ಲಿ ಮಂಡಲ ಬರೆಯುತ್ತಿದ್ದವನು ಅವನು. ಈಗ ಕೈ ನಡುಗಲು ಶುರುವಾಗಿತ್ತು. "ಗೆರೆಗೆ ಯಾರ ಗಂಡ ಸತ್ತರೇನು?" ಎಂದು ನಾಲ್ಕು ಜನ ಕೇಳುವಂತೆಯೇ ಹೇಳಿ, ವೃತ್ತ ಎಳೆಯುವ ಹಗ್ಗದ ತುದಿಯನ್ನು ಅವಳ ಕೈಗೆ ಕೊಟ್ಟುಬಿಟ್ಟ.

ಮಂಡಲದ ನಡುವೆ ನಾವಿರುವ ಜಂಬೂದ್ವೀಪ. ಅದರ ಸುತ್ತ ಸಮುದ್ರ, ಸಮುದ್ರದ ಸುತ್ತ ಇನ್ನೊಂದು ದ್ವೀಪ, ಮತ್ತೆ ಸಮುದ್ರ. ಹೀಗೆ ಉಂಗುರದ ಹೊರಗೆ ಉಂಗುರ. ಎಂಟನೆಯ ದ್ವೀಪವೇ ನಂದೀಶ್ವರ. ಅಲ್ಲಿ ಐವತ್ತೆರಡು ಜಿನಾಲಯಗಳು. ದೇವತೆಗಳು ಹೋಗಿ ಪೂಜಿಸುತ್ತಾರೆ, ಮನುಷ್ಯರಿಗೆ ಅಲ್ಲಿಗೆ ದಾರಿಯಿಲ್ಲ. ಅದಕ್ಕೇ ನೆಲದ ಮೇಲೆ ಬರೆದು ಕೈಮುಗಿಯುವುದು. ಒಂಬತ್ತನೆಯ ದಿನ ಎಲ್ಲವನ್ನೂ ಒರೆಸಿಬಿಡುವುದು.

ಎದುರಾದರೆ ಮುಖ ತಿರುಗಿಸುವವರೂ ಅವಳ ಗೆರೆಗಳ ಮುಂದೆ ತಲೆಬಾಗುತ್ತಿದ್ದರು. ಅದೊಂದು ಇಲ್ಲದಿದ್ದರೆ ತಾನು ಅಡುಗೆಮನೆಯ ಹೊಗೆಯಲ್ಲೇ ಮುಗಿದುಹೋಗುತ್ತಿದ್ದೆನೆಂದು ಕಮಲಾವತಿಗೆ ಚೆನ್ನಾಗಿ ಗೊತ್ತಿತ್ತು. ಇಪ್ಪತ್ತಾರು ವರ್ಷ ಹೀಗೇ ನಡೆಯಿತು.

ಆಮೇಲೆ ಬಂದ ರವಿರಾಜ. ಬಸದಿಯ ಆಡಳಿತ ನೋಡುವ ಮೊಕ್ತೇಸರ ಚಂದ್ರರಾಜರ ತಂಗಿಯ ಮಗ. ಕಾಲೇಜು ಮುಗಿಸಿ ಹೈಸ್ಕೂಲಿನಲ್ಲಿ ಲೆಕ್ಕದ ಮಾಸ್ಟ್ರಾಗಿ ನಾಲ್ಕು ತಿಂಗಳಾಗಿತ್ತಷ್ಟೆ. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆಯುತ್ತಾನಲ್ಲ, ಇವನೂ ಹಾಗೆಯೇ. ಪೂಜೆಯ ಮೊದಲ ದಿನ, ತುಂಬಿದ ಜನರ ನಡುವೆ ಹೇಳಿದ:

"ಕಮಲಕ್ಕ, ಇದು ತಪ್ಪು. ಒಂದೊಂದು ಉಂಗುರವೂ ಹಿಂದಿನದರ ಎರಡು ಪಾಲು ಅಗಲ ಅಂತ ಶಾಸ್ತ್ರದಲ್ಲೇ ಉಂಟು. ನೀವು ಎಲ್ಲವನ್ನೂ ನಾಲ್ಕು ಬೆರಳು ಮಾಡಿದ್ದೀರಿ."

ಚಂದ್ರರಾಜರ ಮುಖ ಸಣ್ಣದಾಯಿತು. ಇಷ್ಟು ವರ್ಷ ತಪ್ಪು ಮಂಡಲಕ್ಕೆ ಪೂಜೆಯೇ? "ಹಾಗಾದ್ರೆ ಇನ್ನು ಬರೆಯುವುದು ಬೇಡ. ಬೊಂಬಾಯಿಯಿಂದ ಅಚ್ಚು ಹಾಕಿದ ಪಟ ತರಿಸುವ" ಎಂದುಬಿಟ್ಟರು.

ಕಮಲಾವತಿ ಪೂಜೆಯ ಎಂಟು ದಿನ ಮುಗಿಯಲು ಬಿಟ್ಟಳು. ಒಂಬತ್ತನೆಯ ಬೆಳಿಗ್ಗೆ ರವಿರಾಜನಿಗೆ ಹೇಳಿಕಳಿಸಿದಳು. ಅವನೆದುರೇ ಮಂಡಲವನ್ನು ಹೊರಗಿನಿಂದ ಒರೆಸುತ್ತಾ ನಡುವಿಗೆ ಬಂದಳು. ಜಂಬೂದ್ವೀಪದ ಹುಡಿಯ ಅಡಿಯಲ್ಲಿ ಒಂದು ಅಕ್ಕಿಕಾಳು ಇತ್ತು.

"ಪ್ರತಿ ಸಲ ಮೊದಲು ಇದನ್ನಿಡ್ತೇನೆ, ಇದರ ಮೇಲೆ ಬರೆಯುತ್ತೇನೆ" ಎಂದಳು. "ಇದು ಜಂಬೂದ್ವೀಪ. ಈಗ ನಿನ್ನ ಲೆಕ್ಕದಲ್ಲೇ ಬರಿ, ನೋಡುವ."

ರವಿರಾಜ ಹುರುಪಿನಿಂದ ಕುಳಿತ. ಮೊದಲ ಸಮುದ್ರ ಎರಡು ಕಾಳು ಅಗಲ. ದ್ವೀಪ ನಾಲ್ಕು, ಸಮುದ್ರ ಎಂಟು, ಮೂರನೆಯ ದ್ವೀಪ ಹದಿನಾರು.

"ಅದರ ಅರ್ಧಕ್ಕೆ ನಿಲ್ಲು" ಎಂದಳು ಕಮಲಾವತಿ. "ಮನುಷ್ಯರಿಗೆ ಅಲ್ಲಿಗೆ ಗಡಿ. ಎಷ್ಟಾಯಿತು?"

ಈ ತುದಿಯಿಂದ ಆ ತುದಿಗೆ ನಲ್ವತ್ತೈದು ಕಾಳು. ಒಂದು ಊಟದ ಬಟ್ಟಲಿನಷ್ಟು.

"ನೀನು, ನಾನು, ನಿನ್ನ ಕಾಲೇಜು, ಹುಟ್ಟಿದವರು, ಸತ್ತವರು, ಎಲ್ಲ ಇದರೊಳಗೆ. ಮುಂದೆ ಹೋಗು."

ಅವನು ಮನಸ್ಸಿನಲ್ಲೇ ದುಪ್ಪಟ್ಟು ಮಾಡುತ್ತಾ ಹೋದ. ಮೂವತ್ತೆರಡು, ಅರುವತ್ತನಾಲ್ಕು. ದನಿ ಇಳಿಯುತ್ತಾ ಬಂತು. "ನಂದೀಶ್ವರ ಮುಟ್ಟಲಿಕ್ಕೆ ಹದಿನಾರು ಸಾವಿರಕ್ಕೂ ಹೆಚ್ಚು ಕಾಳು ದಾಟಬೇಕು ಕಮಲಕ್ಕ."

"ನನಗೆ ಅಷ್ಟೆಲ್ಲ ಎಣಿಸಲಿಕ್ಕೆ ಬರುವುದಿಲ್ಲ. ನಲ್ವತ್ತು ಕಾಳಿಗೆ ಒಂದು ಗೇಣು, ಹಗ್ಗವನ್ನು ದುಪ್ಪಟ್ಟು ಮಾಡುತ್ತಾ ಅಲ್ಲಿವರೆಗೆ ಅಳೆದಿದ್ದೇನೆ. ಏಳು, ಹೋಗುವ."

ಅವಳು ನಡೆದಳು. ಅವನು ಹಿಂದೆ ಹಿಂದೆ ಹೆಜ್ಜೆ ಎಣಿಸಿದ. ಬಸದಿಯ ಬಾಗಿಲು ದಾಟಿತು, ಜೈನರ ಮನೆಗಳ ಸಾಲು ದಾಟಿತು. ನೂರ ಮೂವತ್ತಕ್ಕೆ ಕಮಲಾವತಿ ನಿಂತದ್ದು ಬೀಡಿ ಕಟ್ಟುವ ಖತೀಜಮ್ಮನ ಜಗಲಿಯೆದುರು.

"ಎಂತ ಕಮಲಕ್ಕ, ಬೆಳಿಗ್ಗೆ ಬೆಳಿಗ್ಗೆ ಮಾಸ್ಟ್ರನ್ನು ಕರ್ಕೊಂಡು?"

"ನಂದೀಶ್ವರ ದ್ವೀಪ ನಿನ್ನ ಜಗಲಿಯಿಂದ ಶುರುವಾಗ್ತದೆ ಖತೀಜಮ್ಮ."

"ಆಗಲಿ. ಅಂಗಳದಲ್ಲಿ ಬೀಡಿ ಒಣಗಲಿಕ್ಕೆ ಹಾಕಿದ್ದೇನೆ, ಮೆಟ್ಟಬೇಡಿ."

ರವಿರಾಜ ಹಿಂದಿರುಗಿ ನೋಡಿದ. ಅಕ್ಕಿಕಾಳಿರಲಿ, ಬಸದಿಯ ಬಾಗಿಲೂ ಕಾಣುತ್ತಿರಲಿಲ್ಲ.

"ನಿನ್ನ ಹಾಗೇ ನಾನೂ ಮಾವನನ್ನು ಕೇಳಿದ್ದೆ" ಎಂದಳು ಕಮಲಾವತಿ. ಸಿಟ್ಟು ಇಳಿದಿತ್ತು. "ಅವನು ಹೇಳಿದ್ದು ಇದೇ: ಅಳತೆ ಸರಿ ಮಾಡಿದರೆ ದೇವರ ಹತ್ತಿರ ನಿಂತವನಿಗೆ ನಾವು ಕಾಣುವುದಿಲ್ಲ, ನಮ್ಮ ಹತ್ತಿರ ನಿಂತವನಿಗೆ ದೇವರು ಕಾಣುವುದಿಲ್ಲ. ಇಬ್ಬರೂ ಒಂದೇ ನೋಟಕ್ಕೆ ಬೇಕಾದರೆ ಅಳತೆ ಬಿಡಬೇಕು. ಯಾವುದರ ಹೊರಗೆ ಯಾವುದು ಅನ್ನುವ ಕ್ರಮ ಮಾತ್ರ ನಾನು ಇಟ್ಟುಕೊಂಡದ್ದು. ಒಂದು ರೀತಿಯಲ್ಲಿ ಸರಿ, ಒಂದು ರೀತಿಯಲ್ಲಿ ತಪ್ಪು. ತಪ್ಪು ಎಷ್ಟು ಅಂತ ಬರೆಯುವವಳಿಗೆ ನೆನಪಿರಬೇಕು. ಆ ಕಾಳು ಅದಕ್ಕೆ."

ರವಿರಾಜನಿಗೆ ನಾಚಿಕೆಯಾಯಿತು. "ನಾನು ಬಾಯಿ ಹಾಕಬಾರದಿತ್ತು."

"ಹಾಕಿ ಆಯಿತಲ್ಲ ಮಾರಾಯ" ಎಂದು ಅವಳು ಮನೆಗೆ ಹೋದಳು. ಅಂದು ಬಾಗಿಲು ಹಾಕಿಕೊಂಡು ಅತ್ತಳು.

ರವಿರಾಜ ತನ್ನ ಮಾವನಿಗೆ ಇದನ್ನೆಲ್ಲ ಹೇಳದೆ ಇರಲಿಲ್ಲ. ಆದರೆ ಚಂದ್ರರಾಜರು ಆಡಿದ ಮಾತು ಹಿಂದೆ ತೆಗೆದುಕೊಳ್ಳುವವರಲ್ಲ. ಫಾಲ್ಗುಣದ ಪೂಜೆಗೆ ಪಟ ಬಂತು. ಕಮಲಾವತಿ ಕಂಬದ ಮರೆಯಲ್ಲಿ, ಸೆರಗಿನೊಳಗೆ ಕೈ ಇಟ್ಟುಕೊಂಡು ಕುಳಿತಿದ್ದಳು. ಪಟ ಬಿಚ್ಚಿದರು. ಬಣ್ಣ ಫಳಫಳ ಹೊಳೆಯಿತು. ಉಂಗುರಗಳೆಲ್ಲ ಒಂದೇ ಅಗಲ.

ಚಂದ್ರರಾಜರು ಬಗ್ಗಿ ನೋಡಿದರು. "ಇದೂ ತಪ್ಪಾ?"

"ತಪ್ಪೇ ಮಾವ" ಎಂದ ರವಿರಾಜ. "ಬಸದಿಯೊಳಗೆ ಹಿಡಿಯುವಷ್ಟು ಸಣ್ಣದೆಲ್ಲ ತಪ್ಪೇ. ಅದು ಕಮಲಕ್ಕನಿಗೆ ಗೊತ್ತುಂಟು. ಪಟಕ್ಕೆ ಗೊತ್ತಿಲ್ಲ."

ಚಂದ್ರರಾಜರು ಪಟ ಮಡಚಲು ಕೈಸನ್ನೆ ಮಾಡಿ, ಕಂಬದ ಕಡೆ ನೋಡದೆಯೇ ಕೇಳಿದರು: "ಕಮಲಾವತೀ, ಹುಡಿ ಉಂಟಾ?"

ಕಮಲಾವತಿ ಎದ್ದು ಬಂದಳು. ಸೆರಗಿನ ಗಂಟು ಬಿಚ್ಚಿದಳು. ಐದು ಬಣ್ಣದ ಐದು ಪೊಟ್ಟಣ. ಯಾರೂ ಹೇಳದಿದ್ದರೂ ವಾರದ ಹಿಂದೆಯೇ ಅರೆದಿಟ್ಟಿದ್ದಳು.

ಆ ದಿನದ ಮಂಡಲದಲ್ಲಿ ನಾಲ್ಕನೆಯ ಉಂಗುರ ಒಂದು ಕಡೆ ತುಸು ಓರೆಯಾಯಿತು. ರವಿರಾಜ ಅದನ್ನು ಕಂಡ. ಕಂಡೂ ಸುಮ್ಮನೆ ಕೈಮುಗಿದ.