ಹೇಮಪ್ಪ ಮಾಸ್ತರನ ಥಾಯ್ ಊಟ

ಹೇಮಪ್ಪ ಮಾಸ್ತರನಿಗೆ ಹೋಟೆಲಿನ ಊಟ ಹೊಸದೇನಲ್ಲ. ಕೊಪ್ಪಳದಿಂದ ಗಂಗಾವತಿಯವರೆಗೆ ಯಾವ ಖಾನಾವಳಿಯಲ್ಲಿ ರೊಟ್ಟಿ ಮೆತ್ತಗಿರುತ್ತದೆ, ಯಾವ ಧಾಬಾದಲ್ಲಿ ಶೇಂಗಾ ಚಟ್ನಿಯನ್ನು ಕೇಳಿದಷ್ಟು ಹಾಕುತ್ತಾರೆ ಎನ್ನುವುದೆಲ್ಲ ಅವನ ನಾಲಿಗೆಯ ತುದಿಯಲ್ಲೇ ಇದೆ. ಇದಕ್ಕೆಲ್ಲ ಕಾರಣ ಗೆಳೆಯ ಈಶಪ್ಪ. ಇಬ್ಬರೂ ಬಿ.ಎಡ್. ಓದುವಾಗ ಒಂದೇ ಬೆಂಚಿನಲ್ಲಿ ಕೂತವರು. ಮುಂದೆ ಹೇಮಪ್ಪ ಇರಕಲ್ಲಗಡದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರನಾದ, ಈಶಪ್ಪ ಕೊಪ್ಪಳದಲ್ಲಿ ಅಪ್ಪನ ಬಟ್ಟೆ ಅಂಗಡಿಯ ಗಲ್ಲೆಯ ಮೇಲೆ ಕೂತ. ಹಬ್ಬ ಬಂದರೆ, ಮಕ್ಕಳು ಪಾಸಾದರೆ, ಈಶಪ್ಪನ ಫೋನು ಬಂದೇ ಬರುತ್ತಿತ್ತು.

"ನಡಿಯೋ ಹೇಮಪ್ಪ, ಹೊರಗ ಉಂಡು ಬರೂಣು."

ಹೊರಗೆ. ಯಾವಾಗಲೂ ಹೊರಗೆ. ಇಷ್ಟು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದ ಮನುಷ್ಯನಿಗೆ ಈ ಒಂದು ಲೆಕ್ಕ ಹೊಳೆಯಲಿಲ್ಲವೆಂದರೆ ನಂಬುವುದು ಕಷ್ಟ. ಹೊಳೆದಿತ್ತು. ಹೊಳೆದದ್ದನ್ನು ಗೆಳೆತನವೆಂಬ ಹೊದಿಕೆಯಲ್ಲಿ ಸುತ್ತಿ ಮೂಲೆಗಿಟ್ಟಿದ್ದ.

ಹೇಮಪ್ಪ ಹುಟ್ಟಿದ್ದು ತಳಕಲ್ಲಿನ ದಲಿತರ ಕೇರಿಯಲ್ಲಿ. ಯಲಬುರ್ಗಾದ ಹಾಸ್ಟೆಲಿನ ತಿಳಿಸಾರು ಉಂಡು ಓದಿದವನು. ನೌಕರಿ ಹಿಡಿದು ಕೊಪ್ಪಳದ ಮಗ್ಗುಲಿನ ಭಾಗ್ಯನಗರದಲ್ಲಿ ಮನೆ ಕಟ್ಟಿಸಿದ. ಆ ಮನೆಗೆ ಈಶಪ್ಪ ಬಂದಾಗಲೆಲ್ಲ ಅವನ ಹೊಟ್ಟೆ ತುಂಬಿರುತ್ತಿತ್ತು. ಹೇಮಪ್ಪನ ಹೆಂಡತಿ ಮಹೇಶ್ವರಿ ತಟ್ಟೆ ಹಾಕುವ ಮೊದಲೇ, "ಈಗರೆ ಉಂಡು ಬಂದೀನ್ರೀ ಅಕ್ಕಾರ," ಎಂದು ಹೊಟ್ಟೆಯ ಮೇಲೆ ಕೈಯಾಡಿಸುತ್ತಿದ್ದ. ಇನ್ನು ಈಶಪ್ಪನ ಹಳೆಯ ಮನೆಯಲ್ಲಿ ಹೇಮಪ್ಪನ ಜಾಗವೆಂದರೆ ಹೊರಗಿನ ಕಟ್ಟೆ. ಈಶಪ್ಪನ ತಾಯಿ ವಿರೂಪಾಕ್ಷಮ್ಮ ಮಾತಿನಲ್ಲಿ ಬೆಲ್ಲದಂಥವಳು. "ಬಿಸಲಾಗ ಬಂದಿ, ಚಾ ಕುಡಿಯಪ್ಪ," ಎಂದು ಕರೆದು ಕೊಡುತ್ತಿದ್ದಳು. ಆದರೆ ಅವನ ಚಹಾ ಮಾತ್ರ ಕುಡಿದು ಬಿಸಾಡುವ ಕಾಗದದ ಕಪ್ಪಿನಲ್ಲಿ.

"ಅವ್ವ ಹಳೇ ಮಂದಿ, ನೀ ಮನಸಿಗೆ ಹಚ್ಕೋಬ್ಯಾಡ. ಆಕಿ ಇರೋತನಕ ಅಷ್ಟ," ಎನ್ನುತ್ತಿದ್ದ ಈಶಪ್ಪ.

ಎರಡು ವರ್ಷದ ಹಿಂದೆ ಆ ಮುದುಕಿ ತೀರಿಕೊಂಡಳು. ಅವಳ ಮಣ್ಣಿಗೆ ಹೋದ ಹೇಮಪ್ಪ ನಿಜವಾಗಿಯೂ ಅತ್ತ. ಅಳುತ್ತಿರುವಾಗಲೇ, ಇನ್ನು ಬಾಗಿಲು ತೆರೆಯಿತು ಎಂಬ ಒಂದು ಸಣ್ಣ ಯೋಚನೆ ತಲೆಯೊಳಗೆ ನುಸುಳಿತು. ತನ್ನ ಬಗ್ಗೆ ತನಗೇ ಹೇಸಿಗೆಯೆನಿಸಿ ಕಣ್ಣೊರೆಸಿಕೊಂಡ. ಆದರೆ ಆ ಯೋಚನೆ ಮಾತ್ರ ಹೋಗಲಿಲ್ಲ.

ಅಷ್ಟರಲ್ಲಿ ಈಶಪ್ಪ ಕೊಪ್ಪಳದ ಹೊರಗೆ ಹೊಸ ಮನೆ ಕಟ್ಟಿಸಲು ನಿಂತ. ಜಾಗ ಇರಕಲ್ಲಗಡದ ದಾರಿಯಲ್ಲೇ ಇತ್ತು. ಅಂಗಡಿ ಬಿಟ್ಟು ಬರಲು ಈಶಪ್ಪನಿಗೆ ಪುರುಸೊತ್ತಿಲ್ಲ. ಹೊಸ ಗೋಡೆಗೆ ಹೊತ್ತು ಹೊತ್ತಿಗೆ ನೀರು ಹೊಡೆಯದಿದ್ದರೆ ಸಿಮೆಂಟು ಬಿರಿಯುತ್ತದೆ. ಆ ಕೆಲಸವನ್ನು ಹೇಮಪ್ಪ ತಾನಾಗಿಯೇ ಮೈಮೇಲೆ ಎಳೆದುಕೊಂಡ. ಶಾಲೆಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಪ್ಯಾಂಟು ಮಡಚಿ, ಪೈಪು ಹಿಡಿದು ನೀರುಣಿಸಿದ. ಬೇಸಿಗೆ ರಜೆ ಪೂರಾ ಅಲ್ಲೇ ಕಳೆಯಿತು. ಬೋರಿನಲ್ಲಿ ನೀರು ಬಾರದ ದಿನ ತನ್ನ ಮನೆಯಿಂದ ಕೊಡ ಹೊತ್ತು ತಂದ. ಪಡಸಾಲೆ, ಅಡುಗೆ ಮನೆ, ದೇವರ ಕೋಣೆ, ಅವನ ಕೈಯಿಂದ ನೀರು ಕುಡಿಯದ ಗೋಡೆ ಆ ಮನೆಯಲ್ಲಿ ಒಂದೂ ಇಲ್ಲ. ಕಟ್ಟುವಾಗ ಎಲ್ಲ ಕೋಣೆಗೂ ಎಲ್ಲರೂ ಹೋಗುತ್ತಾರಲ್ಲ, ಪೂಜೆಯಾಗುವವರೆಗೆ ಅದು ಬರೀ ಕಟ್ಟಡ.

ಮನೆ ಮುಗಿಯಿತು. ಈಶಪ್ಪನ ಫೋನು ಬಂತು.

"ಗೃಹಪ್ರವೇಶ ಮನಿಮಟ್ಟಿಗೆ ಮುಗಿಸಾಕತ್ತೀವೋ. ಯಾರ್ನೂ ಕರದಿಲ್ಲ. ರವಿವಾರ ಗೆಳ್ಯಾರಿಗೆ ಬ್ಯಾರೆ ಊಟ ಇಟ್ಟೀನಿ. ಸಾಣಾಪುರ ಕೆರಿ ದಂಡಿಗೆ ಥಾಯ್ ಹೋಟೆಲ್ ಆಗೈತಿ, ಅಲ್ಲಿ!"

ಮಹೇಶ್ವರಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಮನಿ ಕಟ್ಟಿದ್ದು ಕೊಪ್ಪಳದಾಗ, ಊಟ ಸಾಣಾಪುರದಾಗೇನ್ರೀ?"

"ನಿನಗ ಎಲ್ಲಾದ್ರಾಗೂ ಹುಳುಕ ಕಾಣ್ತೈತಿ," ಎಂದು ಗದರಿದ ಹೇಮಪ್ಪ. ಸತ್ಯ ಚುಚ್ಚಿದಾಗ ಗಂಡಸರು ಹೆಂಡತಿಯರನ್ನೇ ಗದರುವುದು ವಾಡಿಕೆ. ಆಮೇಲೆ ಕಿನ್ನಾಳಕ್ಕೆ ಹೋಗಿ, ಹೇಳಿ ಮಾಡಿಸಿದ್ದ ಕಟ್ಟಿಗೆಯ ಗಣಪನನ್ನು ತಂದ. ಬಣ್ಣ ಇನ್ನೂ ಹೊಳೆಯುತ್ತಿತ್ತು. ಈಶಪ್ಪನ ಬಾಗಿಲ ಮೇಲೆ ಅವನನ್ನು ಎಲ್ಲಿ ಕೂರಿಸಬೇಕೆಂದು ಗೌಂಡಿ ಗೋಡೆ ಕಟ್ಟುವಾಗಲೇ ಯೋಚಿಸಿಟ್ಟಿದ್ದ. ಉಂಡಾದ ಮೇಲೆ ಎಲ್ಲರೂ ಕೂಡಿ ಮನೆಗೆ ಹೋಗುವುದಂತೂ ಖಂಡಿತ ಎಂದುಕೊಂಡಿದ್ದ.

ರವಿವಾರ ಮಧ್ಯಾಹ್ನ ಈಶಪ್ಪನ ಕಾರಿನಲ್ಲಿ ಹೊರಟರು. ಜೊತೆಗೆ ವಿರುಪಣ್ಣ. ಅವನೂ ಅದೇ ಬಿ.ಎಡ್. ಬ್ಯಾಚಿನವನು, ಈಗ ಕುಷ್ಟಗಿಯಲ್ಲಿ ಮುಖ್ಯೋಪಾಧ್ಯಾಯ. ಹೋಟೆಲೆಂದರೆ ಹುಲ್ಲಿನ ಚಪ್ಪರ, ಕೆಳಗೆ ಗಾದಿ, ನಡುವೆ ಮೊಣಕಾಲೆತ್ತರದ ಮೇಜು. ಬಡಿಸುವವನು ತಟ್ಟೆಗೆ ಬಡಿಸಲೇ ಇಲ್ಲ. ಕೊಬ್ಬರಿ ಹಾಲಿನ ಹಸಿರು ಸಾರಿನ ಬೋಗುಣಿಯನ್ನು ನಡುವೆ ಇಟ್ಟು, ಥಾಯ್ ಪದ್ಧತಿಯಲ್ಲಿ ಎಲ್ಲರೂ ಇದರಿಂದಲೇ ತೆಗೆದುಕೊಂಡು ಉಣ್ಣಬೇಕು ಎಂದು ಹೇಳಿ ಹೋದ.

ಈಶಪ್ಪ ತನ್ನ ಚಮಚ ಅದ್ದಿದ. ಹೇಮಪ್ಪ ಅದ್ದಿದ. ಈಶಪ್ಪ ಮತ್ತೆ ಅದ್ದಿದ. ಹೇಮಪ್ಪನ ಎದೆ ತುಂಬಿ ಬಂತು. ನಲವತ್ತೈದರ ಗಂಡಸು ಒಂದು ಬೋಗುಣಿ ಸಾರಿಗೆ ಕಣ್ಣು ಒದ್ದೆ ಮಾಡಿಕೊಂಡನೆಂದರೆ ನಗಬೇಡಿ. ಖಾರಕ್ಕೆ ಎಂದು ಅವನೇ ಸುಳ್ಳು ಹೇಳಿದ.

ವಿರುಪಣ್ಣ ಮಾತ್ರ ಮುಖ ಕಿವುಚಿದ. "ಏನೋ ಈಶಪ್ಪ, ಈ ಹುಲ್ಲಿನ ಸಾರಿಗೆ ಸಬಕಾರದ ವಾಸನಿ ಬರ್ತೈತಿ! ಗುರುವಾರ ನಿನ್ನ ಹೊಸ ಮನ್ಯಾಗ ನಿಮ್ಮ ಮನಿಯವರು ಬಡಿಸಿದ್ರಲ್ಲ, ಹೋಳಿಗಿ ಅಂದ್ರ ಅವು. ಓಣಿಗೆ ಓಣಿನ ಬಂದು ಉಂಡ್ರೂ ತುಪ್ಪ ಕಡಿಮಿ ಬೀಳಲಿಲ್ಲ ನೋಡು." ಹೇಮಪ್ಪನತ್ತ ತಿರುಗಿ ಕೇಳಿದ. "ನೀ ಯಾವ ಪಂಕ್ತಿಗೆ ಕುಂತಿದ್ದಿ ಮಾರಾಯಾ? ನನಗ ಕಾಣಲೇ ಇಲ್ಲ."

ಕೇಳಿದವನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಅದಕ್ಕೇ ಆ ಮಾತು ನೇರ ಎದೆಗೆ ನಾಟಿತು. ಈಶಪ್ಪನ ಚಮಚ ಬೋಗುಣಿಯಲ್ಲೇ ನಿಂತಿತು. ಗುರುವಾರ ಹೇಮಪ್ಪ ಇರಕಲ್ಲಗಡದಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದ. ಕುಷ್ಟಗಿಯವನಿಗೆ ಮುಟ್ಟಿದ ಕರೆ ಭಾಗ್ಯನಗರಕ್ಕೆ ಮುಟ್ಟಿರಲಿಲ್ಲ.

"ಅವ್ವ ಹೋಗಿ ಎರಡು ವರ್ಷ ಆತಲ್ಲೋ ಈಶಪ್ಪ," ಎಂದ ಹೇಮಪ್ಪ. ಧ್ವನಿ ಏರಲಿಲ್ಲ.

"ಬೀಗರು ಬಂದಿದ್ರೋ," ಎಂದು ಈಶಪ್ಪ ತಡವರಿಸಿದ. "ನಾಕ ಮಂದಿ ಬಾಯಿ ಮುಚ್ಚಾಕ ಬರತೈತೇನು? ನನ್ನ ಮನಸಿನ್ಯಾಗ ಏನೈತಿ ಹೇಳು. ನೋಡು, ಒಂದ ಬೋಗುಣ್ಯಾಗ ನಾ ನೀ ಕೂಡಿ ಉಣ್ಣಾಕತ್ತಿಲ್ಲೇನು?"

ಅದೂ ಸುಳ್ಳಲ್ಲ. ಈಶಪ್ಪನ ಮನೆಯಿಂದ ದೂರ ಹೋದಷ್ಟೂ ಹೇಮಪ್ಪ ಅವನಿಗೆ ಹತ್ತಿರದವನಾಗುತ್ತಿದ್ದ. ಥಾಯ್ಲೆಂಡಿಗೇ ಹೋಗಿದ್ದರೆ ಒಡಹುಟ್ಟಿದವನೇ ಆಗಿಬಿಡುತ್ತಿದ್ದನೋ ಏನೋ. ಇಷ್ಟು ವರ್ಷ ತಾನು ಪ್ರೀತಿಯೆಂದು ಉಂಡ ಒಂದೊಂದು ಊಟವೂ ಹೊಸ್ತಿಲಿನಿಂದ ತನ್ನನ್ನು ದೂರ ಇಡಲು ಹಾಕಿದ್ದು ಎಂದು ತಿಳಿದಾಗ ಅವನು ಚಮಚ ಕೆಳಗಿಟ್ಟ. ಈಶಪ್ಪನ ಮೇಲೆ ಬಂದ ಸಿಟ್ಟಿಗಿಂತ ತನ್ನ ಮೇಲೆ ಬಂದ ಸಿಟ್ಟೇ ಹೆಚ್ಚು. ಕಾಗದದ ಕಪ್ಪನ್ನು ಬಿಸಾಡದೆ ನಗುನಗುತ್ತ ಕುಡಿದವನು ತಾನೇ ಅಲ್ಲವೇ.

ಎದ್ದು ನಿಂತು, ಪಕ್ಕದಲ್ಲಿಟ್ಟಿದ್ದ ಗಣಪನ ಪೊಟ್ಟಣವನ್ನು ಕಂಕುಳಿಗೆ ಎತ್ತಿಕೊಂಡ.

"ಎಲ್ಲಿಗೋ? ಕುಂದ್ರು, ಊಟದ ನಡುವ ಏಳಬಾರದು," ಎಂದು ಈಶಪ್ಪ ಅಂಗಿಯ ತೋಳು ಹಿಡಿದ.

"ನಮ್ಮ ಮನಿಗೆ," ಎಂದ ಹೇಮಪ್ಪ, ಆ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು. "ಒಂದು ಮಾತು ಹೇಳು ಈಶಪ್ಪ. ನನ್ನ ಹೊರಗ ಇಟ್ಟಿ, ಆತು. ನಿನ್ನ ಗ್ವಾಡಿ ಎಲ್ಲಾ ನನ್ನ ಕೈಯಾಗಿನ ನೀರು ಕುಡದಾವಲ್ಲೋ. ಅವನ್ನ ಏನ್ ಮಾಡ್ತಿ?"

ಕೆರೆಯ ದಂಡೆಯ ಬಿಸಿಲಿನಲ್ಲಿ ಬಸ್ಸಿನ ರಸ್ತೆಯತ್ತ ನಡೆದು ಹೋದ. ಮೇಜಿನ ಮೇಲಿನ ಬೋಗುಣಿಯಲ್ಲಿ ಇನ್ನೂ ಅರ್ಧ ಸಾರು ಇತ್ತು. ಉಳಿದ ಇಬ್ಬರಲ್ಲಿ ಯಾರೂ ಮತ್ತೆ ಅದಕ್ಕೆ ಚಮಚ ಅದ್ದಲಿಲ್ಲ.